ವೈರವರಿಯದ ಇದಿರು

ಮನುಷ್ಯನು ಮನುಷ್ಯನೊಡನೆ ಇಟ್ಟುಕೊಳ್ಳಬಹುದಾದ ಸಂಬಂಧಗಳನ್ನು ನಮ್ಮ ನೀತಿಕಾರರು ಮಿತ್ರ, ಶತ್ರು, ಉದಾಸೀನ ಎಂದು ಮೂರಾಗಿ ವಿಂಗಡಿಸಿ, ಮೊದಲನೆಯವನಲ್ಲಿ ವಿಶ್ವಾಸವನ್ನೂ ಎರಡನೆಯವನಲ್ಲಿ ಎಚ್ಚರವನ್ನೂ ಮೂರನೆಯವನಲ್ಲಿ ಮಿತವಾದ ಸೌಜನ್ಯವನ್ನೂ ವಿಧಿಸಿದರು. ಧರ್ಮಜ್ಞರು ಒಂದು ಹೆಜ್ಜೆ ಮುಂದೆ ಹೋಗಿ, ಈ ಮೂವರಲ್ಲಿಯೂ ಸಮಬುದ್ಧಿಯನ್ನಿಟ್ಟವನೇ ಶ್ರೇಷ್ಠನೆಂದರು. ಆದರೆ ಈ ಪಟ್ಟಿಗೆ ಸಿಕ್ಕದ ನಾಲ್ಕನೆಯವನೊಬ್ಬನಿದ್ದಾನೆ. ಅವನು ತನ್ನ ಸರ್ವಶಕ್ತಿಯನ್ನೂ ಕೂಡಿಸಿಕೊಂಡು ನಮ್ಮ ಪ್ರಯತ್ನವನ್ನು ವಿಫಲಗೊಳಿಸುವುದಕ್ಕೆಂದೇ ನಮ್ಮೆದುರು ನಿಂತಿರುತ್ತಾನೆ. ನಾವು ಕ್ಷಣಮಾತ್ರ ಮೈಮರೆತರೂ ಆ ಮರೆವನ್ನು ತನ್ನ ಲಾಭಕ್ಕೆ ತಿರುಗಿಸಿಕೊಳ್ಳುತ್ತಾನೆ. ಆದರೂ ಅವನಿಗೆ ನಮ್ಮ ಕೇಡು ಬೇಕಿಲ್ಲ, ನಮಗೆ ಅವನ ಕೇಡು ಬೇಕಿಲ್ಲ. ಅಷ್ಟೇ ಅಲ್ಲ, ನಮ್ಮ ಮೇಲಣ ಕರುಣೆಯಿಂದ ಅವನು ತನ್ನ ಪಟ್ಟನ್ನು ಒಂದಿಷ್ಟು ಸಡಿಲಿಸಿದನೆಂದು ತಿಳಿದರೆ ನಮಗೆ ಅವಮಾನವಾಗುತ್ತದೆ. ಇವನನ್ನು ಏನೆಂದು ಕರೆಯೋಣ? ಈ ಪ್ರಶ್ನೆ ಆಟದ ಬಯಲಿಗಷ್ಟೇ ಸೇರಿದುದೆಂದು ತಿಳಿಯಬಾರದು. ಜೀವನಿಗೂ ಭಗವಂತನಿಗೂ ಇರುವ ಸಂಬಂಧದ ವಿಚಾರದಲ್ಲಿಯೂ ಇದೇ ಪ್ರಶ್ನೆ ಎದ್ದು, ದೊಡ್ಡ ದೊಡ್ಡ ಆಚಾರ್ಯರನ್ನು ಎರಡು ಪಕ್ಷಗಳಾಗಿ ನಿಲ್ಲಿಸಿದೆ. ಅದನ್ನು ಕುರಿತು ಯೋಚಿಸುವುದಕ್ಕೆ ನನಗೆ ಬಹುಕಾಲದಿಂದ ನೆರವಾಗಿರುವುದು ಪೂರ್ವ ಆಫ್ರಿಕದ ಒಂದು ಕಾಲ್ಚೆಂಡಿನ ಕೂಟ.

1926ರಲ್ಲಿ ಕೀನ್ಯ ಮತ್ತು ಉಗಾಂಡಗಳ ನಡುವೆ ಈ ಸ್ನೇಹಸ್ಪರ್ಧೆ ಮೊದಲಾಯಿತು. ಪಾರಿತೋಷಕವನ್ನು ಕೊಟ್ಟವರು ಇಂಗ್ಲೆಂಡಿನ ವಿಡ್ನೆಸ್ ಎಂಬ ಊರಿನಲ್ಲಿ ಹುಟ್ಟಿದ ಗಾಸೇಜ್ ಸಾಬೂನಿನ ಕಂಪೆನಿಯವರಾದುದರಿಂದ ಅದಕ್ಕೆ ಗಾಸೇಜ್ ಕಪ್ ಎಂದು ಹೆಸರಾಯಿತು. 1945ರಲ್ಲಿ ಟಾಂಗನ್ಯೀಕವೂ 1949ರಲ್ಲಿ ಜಾಂಜಿಬಾರ್ ದ್ವೀಪವೂ ಬಂದು ಸೇರಿದ ಮೇಲೆ ನಾಲ್ಕು ನಾಡುಗಳ ಕೂಟವಾಗಿ ಬೆಳೆದು, 1966ರ ವರೆಗೆ ಆ ಹೆಸರಿನಿಂದಲೇ ನಡೆದು, 1967ರಿಂದ ಪೂರ್ವ ಮತ್ತು ಮಧ್ಯ ಆಫ್ರಿಕದ ಚಾಲೆಂಜ್ ಕಪ್ ಎಂದೂ 1973ರಿಂದ ಸೆಕಾಫಾ ಕಪ್ ಎಂದೂ ರೂಪಾಂತರ ಹೊಂದಿತು. ಆಫ್ರಿಕದ ರಾಷ್ಟ್ರತಂಡಗಳ ಕೂಟಗಳಲ್ಲಿ ಇದಕ್ಕಿಂತ ಹಳೆಯದು ಇನ್ನೊಂದಿಲ್ಲವೆಂದು ಎಣಿಕೆ. ಇದನ್ನು ಗೆದ್ದವರಿಗೆ ವಿಶ್ವಕಪ್ಪಿನ ಬಾಗಿಲು ತೆರೆಯುವುದಿಲ್ಲ. ಸೋತವರಿಗೆ ಯಾವ ಬಾಗಿಲೂ ಮುಚ್ಚುವುದಿಲ್ಲ. ನೆರೆಹೊರೆಯವರು ಸರದಿಯಂತೆ ಒಬ್ಬರ ಮನೆಗೆ ಒಬ್ಬರು ಹೋಗಿ ಆಡಿ ಬರುವುದು, ಇಷ್ಟೇ ಅದರ ಲಕ್ಷಣ.

ಸಾಬೂನು ಮಾರುವವರು ಕೊಟ್ಟ ಪಾರಿತೋಷಕದಲ್ಲಿ ವ್ಯಾಪಾರದ ಉದ್ದೇಶವಿದ್ದಿರಬೇಕು. ಅದರ ಮೇಲೆ ನನಗೆ ಕೋಪವಿಲ್ಲ. ನನ್ನನ್ನು ಯೋಚನೆಗೆ ಹಚ್ಚುವುದು ಬೇರೊಂದು ಸಂಗತಿ. ಆ ಕಾಲದಲ್ಲಿ ಕೀನ್ಯ ಬ್ರಿಟಿಷರ ವಸಾಹತು, ಉಗಾಂಡ ಅವರ ರಕ್ಷಿತ ರಾಜ್ಯ, ಟಾಂಗನ್ಯೀಕ ಮೊದಲ ಮಹಾಯುದ್ಧದ ಅನಂತರ ರಾಷ್ಟ್ರಸಂಘದ ಆಜ್ಞೆಯಂತೆ ಅವರ ಕೈಗೆ ಬಂದ ಪ್ರದೇಶ, ಜಾಂಜಿಬಾರ್ ಸುಲ್ತಾನನ ಹೆಸರಿನಲ್ಲಿ ಅವರೇ ಆಳುತ್ತಿದ್ದ ದ್ವೀಪ. ಟಾಂಗನ್ಯೀಕಕ್ಕೆ ಸ್ವಾತಂತ್ರ್ಯ ಬಂದುದು 1961ರಲ್ಲಿ, ಉಗಾಂಡಕ್ಕೆ 1962ರಲ್ಲಿ, ಕೀನ್ಯಕ್ಕೂ ಜಾಂಜಿಬಾರಿಗೂ 1963ರಲ್ಲಿ. ಅಂದರೆ ಈ ಜನ, ತಮ್ಮದೆಂಬ ಧ್ವಜವಿಲ್ಲದ, ತಮ್ಮದೆಂಬ ಶಾಸನಸಭೆಯ ಅಧಿಕಾರವಿಲ್ಲದ ದಿನಗಳಲ್ಲಿ, ನೆಲದ ಒಡೆತನದಿಂದ ಹಿಡಿದು ಆಸ್ಪತ್ರೆಯ ಹಾಸಿಗೆಯ ವರೆಗೆ ಎಲ್ಲದರಲ್ಲಿಯೂ ಮೇಲು ಕೀಳೆಂಬುದು ಚರ್ಮದ ಬಣ್ಣದಿಂದ ನಿರ್ಣಯವಾಗುತ್ತಿದ್ದ ವ್ಯವಸ್ಥೆಯೊಳಗೆ, ಒಂದು ಬಯಲಿನ ಮೇಲೆ ಮಾತ್ರ ನಾಡಿಗೆ ನಾಡು ಸಮನಾಗಿ ಎದುರುಬದುರು ನಿಂತರು. ಅವರಿಗೆ ಸಮಾನತೆಯ ಮೊದಲನೆಯ ಅನುಭವ ಎದುರಾಳಿಯಿಂದ ದೊರೆಯಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಒಡೆಯನು ಆಳನ್ನು ಆಳುತ್ತಾನೆ, ಇಲ್ಲವೆ ಕನಿಕರಿಸುತ್ತಾನೆ, ಅವನೊಡನೆ ಸೆಣಸುವುದಿಲ್ಲ. ಸೆಣಸುವವನು, ಸೆಣಸುವುದಕ್ಕೆ ಒಪ್ಪಿದ ಆ ಗಳಿಗೆಯಲ್ಲಿಯೇ, ನೀನು ನನಗೆ ಸಾಟಿ ಎಂದು ಬಾಯಿಬಿಟ್ಟು ಹೇಳದೆ ಹೇಳಿರುತ್ತಾನೆ.

ಈ ಸಾಟಿತನವನ್ನು ಕಾಲ್ಚೆಂಡಿನ ನಿಯಮಗಳು ಎಷ್ಟು ಜಾಗರೂಕತೆಯಿಂದ ಕಾಪಾಡುತ್ತವೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎರಡು ತುದಿಗಳಲ್ಲಿಯೂ ಗೋಲಿನ ಕಂಬಗಳ ನಡುವೆ 24 ಅಡಿ, ಅಡ್ಡಪಟ್ಟಿಗೆ 8 ಅಡಿ. ಎರಡು ಪಕ್ಷಗಳಲ್ಲಿಯೂ 11 ಜನ. ಇಷ್ಟಾದರೆ ಸಮತ್ವ ಸಿದ್ಧಿಸಿತೆಂದು ನಾವು ನೀವು ತೃಪ್ತರಾಗುತ್ತಿದ್ದೆವು. ನಿಯಮವನ್ನು ರಚಿಸಿದವರು ತೃಪ್ತರಾಗಲಿಲ್ಲ. ಏಕೆಂದರೆ ಅಳತೆಗೆ ಸಿಕ್ಕದ ವಿಷಮತೆಗಳಿವೆ: ಇಳಿಹೊತ್ತಿನ ಬಿಸಿಲು ಒಂದು ತುದಿಯ ಗೋಲಿಯ ಕಣ್ಣಿಗೇ ಹೊಡೆಯುತ್ತದೆ, ಸಮುದ್ರದ ಕಡೆಯ ಗಾಳಿ ಒಬ್ಬರ ಚೆಂಡನ್ನು ಮುಂದಕ್ಕೆ ನೂಕಿ ಇನ್ನೊಬ್ಬರ ಚೆಂಡನ್ನು ಹಿಂದಕ್ಕೆ ತಳ್ಳುತ್ತದೆ, ಮಳೆ ಬಿದ್ದ ಬಯಲು ಒಂದು ಮೂಲೆಯಲ್ಲಿ ಕೆಸರಾಗಿ ಮತ್ತೊಂದು ಮೂಲೆಯಲ್ಲಿ ಗಟ್ಟಿಯಾಗಿರುತ್ತದೆ. ಆದುದರಿಂದ ನಾಣ್ಯ ಚಿಮ್ಮಿ ಆರಂಭವನ್ನು ದೈವಕ್ಕೆ ಬಿಟ್ಟ ಮೇಲೂ, 45 ನಿಮಿಷ ಕಳೆದ ಕೂಡಲೆ ಉಭಯ ಪಕ್ಷಗಳೂ ತುದಿಗಳನ್ನು ಬದಲಾಯಿಸಿಕೊಳ್ಳಬೇಕೆಂದು ವಿಧಿಸಿದರು. ಇದುವರೆಗೆ ಯಾವ ಗೋಲಿನ ಮೇಲೆ ನಾನು ದಾಳಿಮಾಡುತ್ತಿದ್ದೆನೋ ಅದನ್ನು ಇನ್ನು ಮೇಲೆ ನಾನೇ ಕಾಯಬೇಕು. ಯಾವ ಬಿಸಿಲಿನಲ್ಲಿ ಅವನು ಕಣ್ಣು ಕಿರಿದುಮಾಡಿಕೊಂಡು ತಡವರಿಸಿದುದನ್ನು ಕಂಡು ನಾನು ಹಿಗ್ಗಿದೆನೋ ಆ ಬಿಸಿಲಿಗೆ ಈಗ ನನ್ನ ಮುಖವನ್ನೊಡ್ಡಬೇಕು. ಪರರ ಸ್ಥಾನದಲ್ಲಿ ತನ್ನನ್ನು ಇಟ್ಟು ನೋಡಿಕೊಳ್ಳುವುದನ್ನು ಸಕಲ ಧರ್ಮಗಳೂ ಬೋಧಿಸಿವೆ; ಆದರೆ ಬೋಧೆಯನ್ನು ಕೇಳಿದವನು ಅದನ್ನು ಭಾವನೆಯಲ್ಲಿ ಮಾಡಿದರೂ ಮಾಡಬಹುದು, ಬಿಟ್ಟರೂ ಬಿಡಬಹುದು. ಇಲ್ಲಿ ಅದು ಕಾಲುಗಳಿಂದ ನಡೆದು ಮಾಡಬೇಕಾದ ಕೆಲಸ.

ಇನ್ನು ಮೊದಲಿನ ಪ್ರಶ್ನೆಗೆ ಬರುತ್ತೇನೆ. ಭಾಗವತದ ಏಳನೆಯ ಸ್ಕಂಧದ ಆದಿಯಲ್ಲಿ ಧರ್ಮರಾಯನು ನಾರದನನ್ನು ಒಂದು ಸಂದೇಹ ಕೇಳುತ್ತಾನೆ. ಹುಟ್ಟಿದಂದಿನಿಂದ ಕೃಷ್ಣನನ್ನು ನಿಂದಿಸುತ್ತಲೇ ಬಂದ ಶಿಶುಪಾಲನು ರಾಜಸೂಯದ ಸಭೆಯಲ್ಲಿ ಹತನಾದಾಗ ಅವನ ತೇಜಸ್ಸು ಎಲ್ಲರ ಕಣ್ಣೆದುರಿಗೆ ಕೃಷ್ಣನಲ್ಲಿಯೇ ಸೇರಿಹೋಯಿತಲ್ಲ, ಇದು ಹೇಗೆ ನ್ಯಾಯ, ಎಂಬುದು ಆ ಸಂದೇಹ. ನಾರದನ ಸಮಾಧಾನದ ಸಾರವೇನೆಂದರೆ, ಸ್ನೇಹದಿಂದಾಗಲಿ ಭಯದಿಂದಾಗಲಿ ದ್ವೇಷದಿಂದಾಗಲಿ ಮನಸ್ಸು ಎಡೆಬಿಡದೆ ಆತನಲ್ಲಿ ನಿಂತರೆ ಅದು ಆತನನ್ನೇ ಮುಟ್ಟುತ್ತದೆ. ಜಯವಿಜಯರ ಕಥೆಯನ್ನು ಜನ ಹೇಳುವಾಗ ಇದೇ ಅಭಿಪ್ರಾಯಕ್ಕೆ ಇನ್ನೂ ಬಣ್ಣ ಕೊಟ್ಟು, ಶಾಪಗ್ರಸ್ತರಾದ ಆ ದ್ವಾರಪಾಲಕರು ಭಕ್ತರಾಗಿ ಏಳು ಜನ್ಮಗಳನ್ನು ಕಳೆಯುವುದಕ್ಕಿಂತ ವೈರಿಗಳಾಗಿ ಮೂರೇ ಜನ್ಮಗಳಲ್ಲಿ ಹಿಂದಿರುಗುವುದನ್ನು ಆರಿಸಿಕೊಂಡರೆಂದು ಹೇಳುವುದುಂಟು. ಇದರಲ್ಲಿ ಒಂದು ದೊಡ್ಡ ಸತ್ಯದ ಹೊಳಹಿದೆ. ಉದಾಸೀನನಿಗಿಂತ ಎದುರಾಳಿ ನಮಗೆ ಹತ್ತಿರದವನು. ಅವನ ಹೆಜ್ಜೆ, ಅವನ ಉಸಿರು, ಅವನು ಬಲಗಾಲಿನವನೋ ಎಡಗಾಲಿನವನೋ ಎಂಬ ಸೂಕ್ಷ್ಮ, ಇವೆಲ್ಲ ನಮ್ಮ ಮಿತ್ರರಲ್ಲಿಯೂ ನಾವು ಅಷ್ಟು ಏಕಾಗ್ರತೆಯಿಂದ ಗಮನಿಸದ ಸಂಗತಿಗಳು.

ಆದರೆ ಮಧ್ವಾಚಾರ್ಯರು ಈ ಮಾತನ್ನು ಒಪ್ಪಲಿಲ್ಲ. ದ್ವೇಷವೂ ಭಕ್ತಿಯೂ ಒಂದೇ ಫಲವನ್ನು ಕೊಡುವುದಾದರೆ ದ್ವೇಷವನ್ನು ಬಿಡೆಂದು ಬೋಧಿಸುವ ಶಾಸ್ತ್ರವೆಲ್ಲ ವ್ಯರ್ಥವಾಗುತ್ತದೆ. ದ್ವೇಷದಿಂದ ಕತ್ತಲೆಯೇ ಹೊರತು ಮೋಕ್ಷವಿಲ್ಲ ಎಂಬುದು ಅವರ ಸಿದ್ಧಾಂತ. ಹಾಗಾದರೆ ಜಯವಿಜಯರ ಗತಿಯೇನು? ಇಲ್ಲಿ ಆಚಾರ್ಯರು ಹೇಳುವ ಸಮಾಧಾನ ನನಗೆ ಅತ್ಯಂತ ಗಂಭೀರವಾಗಿ ಕಾಣುತ್ತದೆ. ಅವರು ಶಾಪದಿಂದ ಹುಟ್ಟಿಬಂದ ಹಿರಣ್ಯಕಶಿಪುವೇ ಮೊದಲಾದವರ ಒಂದೊಂದು ದೇಹದಲ್ಲಿಯೂ ಎರಡೆರಡು ಜೀವಗಳಿದ್ದುವು: ಒಂದು ಶಾಪದಿಂದ ಬಂದ ಭಕ್ತನದು, ಇನ್ನೊಂದು ಸ್ವಭಾವದಿಂದಲೇ ದ್ವೇಷಿಯಾದ ಅಸುರನದು. ದೇಹ ಬಿದ್ದಾಗ ಭಕ್ತನು ಭಗವಂತನ ಕಡೆಗೂ ಅಸುರನು ತಮಸ್ಸಿನ ಕಡೆಗೂ ಬೇರೆ ಬೇರೆ ಹಾದಿ ಹಿಡಿದರು. ಇದನ್ನು ಅಕ್ಷರಶಃ ನಂಬುವವರಿಗೆ ಇದು ಜೀವಗಳ ಇತಿಹಾಸ. ನಂಬದವರೂ ಇದರಲ್ಲಿ ಮನಶ್ಶಾಸ್ತ್ರದ ಒಂದು ನಿಶಿತವಾದ ವಿಶ್ಲೇಷಣೆಯನ್ನು ಕಾಣಬಹುದು. ಎದುರಿಗೆ ನಿಂತವನ ದೇಹವೊಂದೇ, ಕೈಕಾಲುಗಳ ಚೇಷ್ಟೆಯೊಂದೇ, ಹೊರಗಣ ಕಣ್ಣಿಗೆ ಕಾಣುವ ಉಗ್ರತೆಯೂ ಒಂದೇ. ಒಳಗೆ ಮಾತ್ರ ಸೆಣಸುವವನು ಬೇರೆ, ಹಗೆಯವನು ಬೇರೆ. ನಾರದನ ಮಾತು ಸೆಣಸುವವನಿಗೆ ಸಲ್ಲುತ್ತದೆ. ಮಧ್ವರ ನಿಷೇಧ ಹಗೆಯವನಿಗೆ ಸಲ್ಲುತ್ತದೆ. ಇವರಿಬ್ಬರನ್ನು ಒಂದೇ ಮೈಯಲ್ಲಿ ಬೇರ್ಪಡಿಸುವ ಬಗೆ ಹೇಗೆ ಎಂಬುದೇ ನನ್ನ ಪಾಲಿಗೆ ಉಳಿದಿರುವ ಪ್ರಶ್ನೆ.

ಕಾಲ್ಚೆಂಡಿನಲ್ಲಿ ಬರೆಯದ ಪದ್ಧತಿಯೊಂದುಂಟು. ಆಟ ರಭಸದಿಂದ ನಡೆಯುತ್ತಿರುವಾಗ ಒಬ್ಬನು ಕಾಲು ಹಿಡಿದುಕೊಂಡು ನೆಲಕ್ಕೆ ಬೀಳುತ್ತಾನೆ; ರೆಫರಿಯ ಸೀಟಿ ಇನ್ನೂ ಕೇಳಿಲ್ಲ; ಚೆಂಡು ಎದುರು ಪಕ್ಷದವನ ಕಾಲಿನಲ್ಲಿದೆ, ಮುಂದೆ ಬಯಲು ತೆರವಾಗಿದೆ. ಅವನು ಬಿದ್ದವನ ಕಡೆಗೊಮ್ಮೆ ನೋಡಿ, ಚೆಂಡನ್ನು ಬೇಕೆಂದೇ ಗೆರೆಯಾಚೆಗೆ ಒದೆಯುತ್ತಾನೆ. ಚಿಕಿತ್ಸೆಯ ಜನ ಓಡಿಬರುತ್ತಾರೆ, ಬಿದ್ದವನು ಎದ್ದು ಕುಂಟುತ್ತ ನಿಲ್ಲುತ್ತಾನೆ. ಈಗ ನಿಯಮದ ಪ್ರಕಾರ ಚೆಂಡನ್ನೆಸೆಯುವ ಹಕ್ಕು ಬಿದ್ದವನ ಪಕ್ಷಕ್ಕೆ ಸೇರಿದ್ದು. ಅವರು ಅದನ್ನಿಟ್ಟುಕೊಂಡು ಮುನ್ನುಗ್ಗಿ ಗೋಲು ಹೊಡೆದರೂ ಯಾವ ನಿಯಮವೂ ಅಡ್ಡಬರಲಾರದು. ಆದರೆ ಅವರು ಚೆಂಡನ್ನು ಎಸೆದು, ಎದುರು ಪಕ್ಷದವರಿಗೆ ಮೃದುವಾಗಿ ಹಿಂದಿರುಗಿಸುತ್ತಾರೆ. ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ; ಮರುಕ್ಷಣವೇ ಸೆಣಸಾಟ ಮೊದಲಿನ ಬಿರುಸಿನಿಂದಲೇ ಸಾಗುತ್ತದೆ. ಬಿರುಸು ಎಳ್ಳಷ್ಟೂ ತಗ್ಗಲಿಲ್ಲವೆಂಬುದನ್ನು ಮುಖ್ಯವಾಗಿ ಗಮನಿಸಬೇಕು. ಒಳಗಿನ ಇಬ್ಬರಲ್ಲಿ ಒಬ್ಬನನ್ನು ಹೊರಗೆ ಕಳುಹಿಸಿ ಇನ್ನೊಬ್ಬನನ್ನು ಉಳಿಸಿಕೊಂಡುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಸಾಕ್ಷ್ಯವನ್ನು ನಾನು ಕಾಣೆ. ಈ ಪದ್ಧತಿಯನ್ನು ದುರುಪಯೋಗಪಡಿಸಿ, ಹೊತ್ತು ಕಳೆಯಲು ಸುಮ್ಮನೆ ನೆಲಕ್ಕೆ ಬೀಳುವವರೂ ಇದ್ದಾರೆ; ಕಳ್ಳ ಸನ್ಯಾಸಿಗಳಿದ್ದಾರೆಂದು ಸನ್ಯಾಸ ಸುಳ್ಳಾಗುವುದಿಲ್ಲ.

ಪೂರ್ವ ಆಫ್ರಿಕದ ಚಿಂತಕರಲ್ಲಿ ಅಗ್ರಗಣ್ಯರಾದ ಜಾನ್ ಮ್ಬಿಟಿಯವರು, ಕೀನ್ಯದಲ್ಲಿ ಹುಟ್ಟಿ ಉಗಾಂಡದ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರವನ್ನು ಬೋಧಿಸಿದವರು, 1969ರಲ್ಲಿ ಆಫ್ರಿಕದ ಧರ್ಮಗಳನ್ನೂ ದರ್ಶನವನ್ನೂ ಕುರಿತ ತಮ್ಮ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದರು. ವ್ಯಕ್ತಿಯು ಒಂಟಿಯಾಗಿ ಇರುವುದೆಂಬುದೇ ಅಲ್ಲಿನ ಸಾಂಪ್ರದಾಯಿಕ ದೃಷ್ಟಿಗೆ ಅರ್ಥವಾಗದ ಮಾತು. ಬಂಧುಬಳಗವೂ ಗತಿಸಿದ ಹಿರಿಯರೂ ಇನ್ನೂ ಹುಟ್ಟದಿರುವ ಸಂತತಿಯೂ ಸೇರಿದ ಸಮುದಾಯದಿಂದಲೇ ಅವನ ಅಸ್ತಿತ್ವ, ಎಂದು ಅವರು ಪ್ರತಿಪಾದಿಸಿದರು. ಉದಾತ್ತವಾದ ದರ್ಶನವೇ ಸರಿ. ಆದರೆ ಸಮುದಾಯದ ಬೇಲಿಯ ಆಚೆ ನಿಂತವನು ಏನಾಗಬೇಕು? ಎದುರಾಳಿಯಿಂದಲೂ ನನ್ನ ಅಸ್ತಿತ್ವಕ್ಕೆ ಏನಾದರೂ ಒದಗುತ್ತದೆಯೆ? ಇದಕ್ಕೆ ಉತ್ತರ ಗ್ರಂಥದಲ್ಲಿರುವುದಕ್ಕಿಂತ ಹೆಚ್ಚಾಗಿ ಅದೇ ನೆಲದ ಒಂದು ಹಳೆಯ ಆಚಾರದಲ್ಲಿದೆಯೆಂದು ನನಗೆ ತೋರುತ್ತದೆ.

ಟಾಂಗನ್ಯೀಕದ ಬುಡಕಟ್ಟುಗಳಲ್ಲಿ ಉತಾನಿ ಎಂಬ ಸಂಬಂಧವಿದೆ. ಅದಕ್ಕೆ ಸೇರಿದವರನ್ನು ವತಾನಿ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಘೋರವಾಗಿ ಕಾದಾಡಿದ ನ್ಗೋನಿ ಮತ್ತು ಹೆಹೆ ಜನರಂಥವರ ನಡುವೆ, ಯುದ್ಧ ಮುಗಿದ ಮೇಲೆ, ಇದು ಬೆಳೆದುಬಂದಿತು. ಉತಾನಿಯುಳ್ಳವರು ಒಬ್ಬರನ್ನೊಬ್ಬರು ಮುಖದೆದುರಿಗೆ ಹಳಿಯಬಹುದು, ಮೂದಲಿಸಬಹುದು, ಮನೆಯೊಳಗೆ ಬಂದು ಕೈಗೆ ಸಿಕ್ಕಿದ ಸಣ್ಣ ವಸ್ತುವನ್ನು ಎತ್ತಿಕೊಂಡು ಹೋಗಬಹುದು, ಯಾರೂ ಸಿಟ್ಟಾಗಕೂಡದು. ಆದರೆ ಸಾವು ಸಂಭವಿಸಿದ ಮನೆಗೆ ಮೊದಲು ಧಾವಿಸಬೇಕಾದವರೂ ಅವರೇ. ಗೋರಿ ತೋಡುವುದು, ಶವವನ್ನು ಹೂಳುವುದಕ್ಕೆ ನೆರವಾಗುವುದು, ದುಃಖದಲ್ಲಿ ಮುಳುಗಿದ ಬಂಧುಗಳನ್ನು ಹಾಸ್ಯದಿಂದಲೇ ಎಬ್ಬಿಸಿ ನಿಲ್ಲಿಸುವುದು ಅವರ ಕರ್ತವ್ಯ. ನಮ್ಮ ಮದುವೆಗಳಲ್ಲಿ ಬೀಗರ ಹಾಡಿನಿಂದ ಎರಡು ಕಡೆಯ ಹೆಂಗಸರು ಪರಸ್ಪರ ಜರೆದುಕೊಂಡು, ಆ ಜರೆಯುವಿಕೆಯಿಂದಲೇ ನಂಟಸ್ತಿಕೆಯನ್ನು ಗಟ್ಟಿಮಾಡಿಕೊಳ್ಳುವುದನ್ನು ಬಲ್ಲವರಿಗೆ ಇದರ ಮರ್ಮ ಥಟ್ಟನೆ ಹೊಳೆದೀತು. ಇಂಥ ಸಂಬಂಧಗಳನ್ನು 1940ರಲ್ಲಿ ವಿವೇಚಿಸಿದ ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನರು, ಎಲ್ಲಿ ಕೂಡಿಕೆಯೂ ಬೇರ್ಪಾಡೂ ಏಕಕಾಲದಲ್ಲಿ ಇರುವುವೋ ಅಲ್ಲಿ, ಆ ಎರಡನ್ನೂ ಕೆಡಿಸದೆ ಹಿಡಿದಿಡುವ ಉಪಾಯವಾಗಿ ಇದು ಹುಟ್ಟುತ್ತದೆಂದು ನಿರೂಪಿಸಿದರು. ಹಗೆಯನ್ನು ಸುಟ್ಟು ಬೂದಿಮಾಡಲಾರದ ಜನ ಅದರ ವಿಷವನ್ನು ಕಳೆದು ಮನೆಯೊಳಗೆ ಇಟ್ಟುಕೊಂಡರು. ವಿರೋಧ ಉಳಿಯಿತು, ದ್ವೇಷ ಹೋಯಿತು. ದಾರ್ ಎಸ್ ಸಲಾಮಿನ ಎರಡು ದೊಡ್ಡ ಕಾಲ್ಚೆಂಡಿನ ಸಂಘಗಳಾದ ಸಿಂಬಾ ಮತ್ತು ಯಂಗಾ ಎದುರುಬದುರಾದಾಗ ಸ್ವಾಹಿಲಿ ಪತ್ರಿಕೆಗಳು ಅವರನ್ನು ಇಂದಿಗೂ ಪರಂಪರಾಗತ ವತಾನಿಗಳೆಂದೇ ಬರೆಯುತ್ತವೆ. ಹಳೆಯ ಆಚಾರ ತನ್ನ ಹೊಸ ಮನೆಯನ್ನು ತಾನೇ ಹುಡುಕಿಕೊಂಡಿದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಸ್ನೇಹಕ್ಕೆ ಇಷ್ಟು ಹೃದಯವೈಶಾಲ್ಯವಿದ್ದರೆ ಯಾರು ಬಂದರೂ ಎದುರು ನಿಲ್ಲಿಸಿಕೊಂಡು ಆಡಬೇಕಲ್ಲವೆ? 1957ರ ಫೆಬ್ರುವರಿಯಲ್ಲಿ ಸೂಡಾನಿನ ಖಾರ್ಟೂಮಿನಲ್ಲಿ ಈ ಪ್ರಶ್ನೆ ಬಹಳ ಕಠಿನವಾದ ರೂಪದಲ್ಲಿ ಎದ್ದಿತು. ಅಲ್ಲಿ ಆಫ್ರಿಕ ಖಂಡದ ಮೊದಲನೆಯ ರಾಷ್ಟ್ರಕೂಟ ನೆರೆಯಬೇಕಾಗಿದ್ದಾಗ, ಈಜಿಪ್ಟ್, ಸೂಡಾನ್, ಇಥಿಯೋಪಿಯಗಳೊಡನೆ ನಾಲ್ಕನೆಯದಾಗಿ ಬರಬೇಕಾಗಿದ್ದ ದಕ್ಷಿಣ ಆಫ್ರಿಕ, ತಾನು ಕಳುಹಿಸಿದರೆ ಬರಿಯ ಬಿಳಿಯರ ತಂಡವನ್ನೋ ಬರಿಯ ಕರಿಯರ ತಂಡವನ್ನೋ ಕಳುಹಿಸುವೆನೇ ಹೊರತು ಇಬ್ಬರೂ ಕೂಡಿದ ತಂಡವನ್ನು ಕಳುಹಿಸಲಾರೆನೆಂದಿತು. ಉಳಿದವರು ಒಪ್ಪಲಿಲ್ಲ, ಮೂರೇ ತಂಡಗಳಿಂದ ಕೂಟ ನಡೆಯಿತು. ಆ ನಿರಾಕರಣೆ ಸ್ನೇಹಕ್ಕೆ ಕುಂದಲ್ಲ, ಅದರ ರಕ್ಷಣೆಯೇ ಎಂದು ನಾನು ದೃಢವಾಗಿ ನಂಬುತ್ತೇನೆ. ತನ್ನ ಮನೆಯೊಳಗಿನವನನ್ನೇ ಸಮನೆಂದು ಎಣಿಸದವನು ಹೊರಗಿನವನೆದುರಿಗೆ ಸಮನಾಗಿ ನಿಲ್ಲುವುದು ಸಾಧ್ಯವಿಲ್ಲ. ಅವನು ನಿಂತ ಬಯಲಿನಲ್ಲಿ ಸೆಣಸಾಟದ ವೇಷದಲ್ಲಿ ಬೇರೇನೋ ನಡೆಯುತ್ತದೆ. 35 ವರ್ಷಗಳು ಸಂದುವು. 1992ರ ಜುಲೈ ತಿಂಗಳಿನಲ್ಲಿ, ವರ್ಣಭೇದದ ಆಡಳಿತ ಕುಸಿಯುತ್ತಿದ್ದ ಕಾಲದಲ್ಲಿ, ಎಲ್ಲ ಬಣ್ಣದವರಿಗೂ ತೆರೆದ ದಕ್ಷಿಣ ಆಫ್ರಿಕದ ತಂಡ ಡರ್ಬನ್ನಿನಲ್ಲಿ ಕ್ಯಾಮೆರೂನಿನೆದುರಿಗೆ ಆಡಿ ಒಂದು ಗೋಲಿನಿಂದ ಗೆದ್ದಿತು. ಆ ಪುನಃಪ್ರವೇಶ ಯಾವ ದೊಡ್ಡ ಪ್ರಶಸ್ತಿಯ ಪಂದ್ಯದಿಂದಲೂ ಆಗದೆ ಒಂದು ಸ್ನೇಹಪಂದ್ಯದಿಂದಲೇ ಆದುದು ನನಗೆ ಉಚಿತವಾಗಿ ತೋರುತ್ತದೆ.

ಇದಕ್ಕಿಂತ ಕಠಿನವಾದ ಪರೀಕ್ಷೆಯೊಂದು ಗಾಸೇಜ್ ಕಪ್ಪಿನ ನಾಡುಗಳಲ್ಲಿಯೇ ಒದಗಿತು. 1972ರ ಸೆಪ್ಟೆಂಬರಿನಲ್ಲಿ, ಸೇನಾಧಿಪತಿ ಇದಿ ಅಮೀನನಿಂದ ಪದಚ್ಯುತರಾಗಿದ್ದ ಉಗಾಂಡದ ಅಧ್ಯಕ್ಷ ಒಬೋಟೆಯವರ ಅನುಯಾಯಿಗಳು, ಟಾಂಗನ್ಯೀಕವೂ ಜಾಂಜಿಬಾರೂ ಕೂಡಿ ಆಗಿದ್ದ ಟಾಂಜಾನಿಯದ ಕಡೆಯಿಂದ ಉಗಾಂಡದ ಮೇಲೆ ದಂಡೆತ್ತಿ ಹೋದರು. ಅಮೀನನ ವಿಮಾನಗಳು ಟಾಂಜಾನಿಯದ ಊರುಗಳ ಮೇಲೆ ಬಾಂಬು ಹಾಕಿದುವು. ಸೋಮಾಲಿಯದ ಮಧ್ಯಸ್ಥಿಕೆಯಿಂದ ಮೊಗಡಿಷುವಿನಲ್ಲಿ ಹೇಗೋ ಒಂದು ಒಪ್ಪಂದವಾಯಿತು. ಅದಾದ ಮರುವರ್ಷವೇ, 1973ರಲ್ಲಿ, ಕಂಪಾಲದಲ್ಲಿ ನಡೆದ ಕೂಟದ ಅಂತಿಮ ಪಂದ್ಯದಲ್ಲಿ ಎದುರುಬದುರಾದವರು ಉಗಾಂಡ ಮತ್ತು ಟಾಂಜಾನಿಯದವರೇ. ಉಗಾಂಡ ಎರಡು ಗೋಲು ಹೊಡೆದು ಒಂದನ್ನು ಕೊಟ್ಟು ಗೆದ್ದಿತು. 1974ರಲ್ಲಿ ದಾರ್ ಎಸ್ ಸಲಾಮಿನಲ್ಲಿ ಮತ್ತೆ ಅವರಿಬ್ಬರೇ ಅಂತಿಮದಲ್ಲಿ ನಿಂತು, ಸಮಸಮವಾಗಿ ಆಡಿ, ಪೆನಾಲ್ಟಿಗಳಿಂದ ಟಾಂಜಾನಿಯ ಗೆದ್ದಿತು. ಇಷ್ಟರಲ್ಲಿಯೇ ಕಥೆ ಮುಗಿದಿದ್ದರೆ ಆಟ ಯುದ್ಧವನ್ನು ಗೆದ್ದಿತೆಂದು ನಾವು ಹಾಡಿ ಹೊಗಳಬಹುದಾಗಿತ್ತು. ಆದರೆ 1978ರ ಅಕ್ಟೋಬರಿನಲ್ಲಿ ಅಮೀನನ ಸೈನ್ಯ ಗಡಿ ದಾಟಿ ಕಗೇರಾ ನದಿಯ ಉತ್ತರದ ಪ್ರದೇಶವನ್ನು ಆಕ್ರಮಿಸಿ, ಊರುಗಳನ್ನು ಸುಲಿದು, ಜನರನ್ನು ಕೊಂದಿತು. ಟಾಂಜಾನಿಯದ ಪಡೆಗಳು ಪ್ರತಿಯಾಗಿ ನಡೆದು 1979ರ ಏಪ್ರಿಲ್ ತಿಂಗಳಿನಲ್ಲಿ ಕಂಪಾಲವನ್ನು ಹಿಡಿದುವು. ಆ ಯುದ್ಧದ ನಡುವೆ ಅಮೀನನು, ತಾನೂ ಟಾಂಜಾನಿಯದ ಅಧ್ಯಕ್ಷ ನ್ಯೆರೆರೆಯವರೂ ಮುಷ್ಟಿಯುದ್ಧದ ಅಂಕಣದಲ್ಲಿ ಇದನ್ನು ತೀರ್ಮಾನಿಸಿಕೊಳ್ಳೋಣ, ಮುಹಮ್ಮದ್ ಅಲಿಯವರು ತೀರ್ಪುಗಾರರಾಗಲಿ, ಎಂದು ಸಾರಿದನು. ತಾನು ಒಂದು ಕಾಲದಲ್ಲಿ ಮುಷ್ಟಿಯುದ್ಧದ ಜಟ್ಟಿಯಾಗಿದ್ದವನು, ನ್ಯೆರೆರೆಯವರು ಕೃಶಕಾಯರಾದ ಉಪಾಧ್ಯಾಯರು. ಸಾಟಿಯಿಲ್ಲದವನನ್ನು ಅಂಕಣಕ್ಕೆ ಕರೆಯುವುದು ಆಟವನ್ನು ಅವಮಾನಿಸಿದಂತೆ. ಅದೂ ಸಾವಿರಾರು ಜನರ ರಕ್ತ ಹರಿಯುತ್ತಿರುವಾಗ.

ಇದರಿಂದ ನಾನು ಕಲಿಯುವುದೇನು? ಆಟಕ್ಕೆ ಯುದ್ಧವನ್ನು ತಡೆಯುವ ಶಕ್ತಿಯಿಲ್ಲ. ಇದೆಯೆಂದು ಹೇಳುವವರು ಆಟಕ್ಕೆ ಹೊರಲಾರದ ಹೊರೆಯನ್ನು ಹೊರಿಸುತ್ತಾರೆ. ಆದರೆ 1973ರ ಅಂತಿಮ ಪಂದ್ಯವನ್ನೂ 1978ರ ಆಕ್ರಮಣವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಆಚಾರ್ಯರು ಹೇಳಿದ ಆ ಎರಡು ಜೀವಗಳು ಕಥೆಯ ಮಟ್ಟದಿಂದಿಳಿದು ಇತಿಹಾಸದಲ್ಲಿಯೇ ನಿಂತಂತೆ ಕಾಣುತ್ತವೆ. ಪಕ್ಷಗಳು ಅವೇ, ಗಡಿಯೂ ಅದೇ, ಪರಸ್ಪರ ಅಪನಂಬಿಕೆಯೂ ಅದೇ. ಒಂದು ಕಡೆ ಸೋತವನು ತಲೆಯೆತ್ತಿಕೊಂಡು ತನ್ನ ಊರಿಗೆ ಹಿಂದಿರುಗಿದನು. ಇನ್ನೊಂದು ಕಡೆ ಊರೇ ಇಲ್ಲದಂತಾಯಿತು. ಯುದ್ಧವನ್ನು ಬೋಧಿಸುವವರು ವಿರೋಧ ಇದ್ದ ಮೇಲೆ ದ್ವೇಷ ಇದ್ದೇ ತೀರಬೇಕೆಂದು ಜನರನ್ನು ನಂಬಿಸುತ್ತಾರೆ. ಹಾಗೇನೂ ಇಲ್ಲವೆಂಬುದಕ್ಕೆ ಅದೇ ಜನ, ಅದೇ ಊರಿನಲ್ಲಿ, ಕೆಲವೇ ವರ್ಷಗಳ ಹಿಂದೆ ನಿದರ್ಶನ ಕೊಟ್ಟಿದ್ದರು. ಆ ನಿದರ್ಶನ ಸೋತಿರಬಹುದು; ಸುಳ್ಳಾಗಲಿಲ್ಲ.

ಇನ್ನು ಜಾಂಜಿಬಾರಿನ ವಿಷಯ. 1964ರ ಏಪ್ರಿಲ್ ತಿಂಗಳಿನಲ್ಲಿ ಟಾಂಗನ್ಯೀಕವೂ ಜಾಂಜಿಬಾರೂ ಕೂಡಿ, ಮುಂದೆ ಟಾಂಜಾನಿಯವೆಂದು ಹೆಸರಾದ ಒಂದೇ ಗಣರಾಜ್ಯವಾದುವು. ಆದರೆ ಈ ಕೂಟದಲ್ಲಿ ಮಾತ್ರ ದ್ವೀಪ ತನ್ನ ತಂಡವನ್ನು ಬೇರೆಯಾಗಿಯೇ ಇಳಿಸುತ್ತ ಬಂದಿದೆ; ಮುಖ್ಯಭೂಮಿಯ ತಂಡವೂ ಅದೂ ಎಷ್ಟೋ ಸಲ ಎದುರುಬದುರು ನಿಂತಿವೆ. ಹೊರಗಿನವರೊಡನೆ ಆಡುವಾಗ ಒಂದು ದೇಶ, ನೆರೆಯವರೊಡನೆ ಆಡುವಾಗ ಎರಡು. ಭೇದವೇ ಸತ್ಯವೋ ಅಭೇದವೇ ಸತ್ಯವೋ ಎಂದು ನಮ್ಮ ವೇದಾಂತಿಗಳು ಎಷ್ಟು ಶತಮಾನ ವಾದಿಸಿದರು! ನನ್ನ ಮಟ್ಟಿಗೆ, ಪ್ರೀತಿಗೆ ಐಕ್ಯವೇ ಪರಮಾವಧಿಯೆಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ತಮ್ಮನು ಅಣ್ಣನಲ್ಲಿ ಕರಗಿಹೋದರೆ ಅಣ್ಣನಿಗೆ ತಮ್ಮನಿರುವುದಿಲ್ಲ. ತಾನು ತಾನಾಗಿಯೇ ಎದುರು ನಿಲ್ಲಲು ಒಂದು ಸ್ಥಳ ದೊರೆತಾಗ ಚಿಕ್ಕವನ ಮನಸ್ಸಿನಲ್ಲಿ ಮುನಿಸು ಹೆಪ್ಪುಗಟ್ಟುವುದಿಲ್ಲ. 1995ರಲ್ಲಿ ಕಂಪಾಲದ ಅಂತಿಮ ಪಂದ್ಯದಲ್ಲಿ ಆ ಪುಟ್ಟ ದ್ವೀಪ ಉಗಾಂಡವನ್ನು ಅದರ ನೆಲದಲ್ಲಿಯೇ ಸೋಲಿಸಿ ಪಾರಿತೋಷಕವನ್ನು ಮನೆಗೆ ಒಯ್ದಿತು.

2017ರ ಡಿಸೆಂಬರಿನಲ್ಲಿ ಕೀನ್ಯದ ಮಚಾಕೋಸಿನಲ್ಲಿ ಅದು ಮತ್ತೊಮ್ಮೆ ಅಂತಿಮಕ್ಕೇರಿತು. ಆತಿಥೇಯರಾದ ಕೀನ್ಯದವರೊಡನೆ ಎರಡಕ್ಕೆ ಎರಡು ಗೋಲುಗಳಾಗಿ, ಹೆಚ್ಚಿನ ಅವಧಿಯೂ ಮುಗಿದು, ಪೆನಾಲ್ಟಿಗಳಿಗೆ ಬಂದಿತು. ಪೆನಾಲ್ಟಿಯ ಹೊತ್ತಿನಲ್ಲಿ ಮೈದಾನ ದೇವಸ್ಥಾನದ ಹಾಗೆ ಆಗುತ್ತದೆ. ಪೂರ್ವ ಆಫ್ರಿಕದ ಪಂದ್ಯಗಳಲ್ಲಿ ಒಬ್ಬನು ಎದೆಯ ಮೇಲೆ ಶಿಲುಬೆಯ ಗುರುತನ್ನು ಮಾಡಿಕೊಂಡು ಚೆಂಡಿನ ಬಳಿಗೆ ನಡೆದರೆ, ಇನ್ನೊಬ್ಬನು ಎರಡು ಅಂಗೈಗಳನ್ನೂ ಮುಖದೆದುರಿಗೆ ತೆರೆದು ಹಿಡಿದು ಬೇಡಿಕೊಳ್ಳುವುದು ಸಾಮಾನ್ಯ ದೃಶ್ಯ. ಇಬ್ಬರೂ ಮನಃಪೂರ್ವಕವಾಗಿ ಬೇಡುತ್ತಾರೆ. ಇಬ್ಬರೂ ನಂಬುವುದು ಒಬ್ಬನೇ ದೇವರನ್ನು. ಒಬ್ಬನ ಪ್ರಾರ್ಥನೆ ಸಲ್ಲಬೇಕಾದರೆ ಇನ್ನೊಬ್ಬನದು ನಿಷ್ಫಲವಾಗಲೇಬೇಕು. ನಾಸ್ತಿಕರು ಇದನ್ನು ತೋರಿಸಿ ಪ್ರಾರ್ಥನೆಯೇ ಭ್ರಾಂತಿಯೆನ್ನುತ್ತಾರೆ. ಆಸ್ತಿಕರಲ್ಲಿ ಕೆಲವರು ಇಂಥ ಕ್ಷುದ್ರ ವಿಷಯಗಳಿಗೆ ದೇವರನ್ನು ಕರೆಯಬಾರದೆನ್ನುತ್ತಾರೆ. ಎರಡೂ ನನಗೆ ಸಮ್ಮತವಲ್ಲ. ಹನ್ನೆರಡು ಗಜದ ದೂರದಲ್ಲಿ, ಸಾವಿರಾರು ಜನರೆದುರಿಗೆ ಒಂಟಿಯಾಗಿ ನಿಂತವನಿಗೆ ಅದು ಕ್ಷುದ್ರವಲ್ಲ. ಅವನು ಬಾಯಿಯಿಂದ ಗೆಲುವನ್ನು ಬೇಡುತ್ತಾನೆಂಬುದು ನಿಜ. ಆದರೆ ಎದುರಿನ ಗೋಲಿ ಬಿದ್ದು ಕೈ ಮುರಿದುಕೊಂಡು ತನಗೆ ಗೆಲುವು ಬರಲಿ ಎಂದು ಅವನು ಬೇಡಿದರೆ, ಅದು ಬೇರೆಯೇ ಪ್ರಾರ್ಥನೆಯೆಂದು ಅವನಿಗೇ ತಿಳಿಯುತ್ತದೆ. ಎದುರಾಳಿ ತನ್ನ ಪೂರ್ಣಸಾಮರ್ಥ್ಯದಲ್ಲಿ ನಿಂತಿರಲಿ, ಆದರೂ ನನ್ನ ಚೆಂಡು ಒಳಗೆ ಹೋಗಲಿ, ಎಂಬ ಬೇಡಿಕೆಯಲ್ಲಿ ಎದುರಾಳಿಯ ಕ್ಷೇಮವೂ ಅಡಕವಾಗಿದೆ. ಹಾಗೆ ಬೇಡಿದ ಇಬ್ಬರಿಗೂ ದೇವರು ಅರ್ಧವನ್ನಂತೂ ದಯಪಾಲಿಸಿರುತ್ತಾನೆ, ಉಳಿದರ್ಧ ಒಬ್ಬನಿಗೆ. ಆ ದಿನ ಅದು ಮೂರಕ್ಕೆ ಎರಡರಂತೆ ಕೀನ್ಯಕ್ಕೆ ಸಂದಿತು.

ಅದೇ 2017ರ ಮಾರ್ಚಿಯಲ್ಲಿ ಆಫ್ರಿಕದ ಕಾಲ್ಚೆಂಡಿನ ಮಹಾಸಂಸ್ಥೆ ಜಾಂಜಿಬಾರನ್ನು ಪೂರ್ಣ ಸದಸ್ಯನನ್ನಾಗಿ ಸೇರಿಸಿಕೊಂಡು, ಒಂದು ದೇಶದಿಂದ ಇಬ್ಬರು ಸದಸ್ಯರಿರಲಾಗದೆಂದು ಜುಲೈ ತಿಂಗಳಿನಲ್ಲಿ ಆ ಸದಸ್ಯತ್ವವನ್ನು ರದ್ದುಮಾಡಿತ್ತು. ನಿಯಮದ ದೃಷ್ಟಿಯಿಂದ ಆ ತೀರ್ಮಾನದಲ್ಲಿ ತಪ್ಪು ಹುಡುಕುವುದು ಕಷ್ಟ. 2027ರ ಆಫ್ರಿಕ ಕಪ್ಪನ್ನು ಕೀನ್ಯ, ಉಗಾಂಡ, ಟಾಂಜಾನಿಯಗಳು ಮೂರೂ ಸೇರಿ ನಡೆಸಬೇಕೆಂದು ಗೊತ್ತಾಗಿದೆ. ಗಾಸೇಜ್ ಕಪ್ಪಿನ ನೆರೆಹೊರೆಯವರು ಇಡೀ ಖಂಡಕ್ಕೆ ಆತಿಥ್ಯ ಕೊಡುತ್ತಾರೆ. ಅಲ್ಲಿ ದ್ವೀಪದ ಹುಡುಗರು ಟಾಂಜಾನಿಯದ ಅಂಗಿ ತೊಟ್ಟು ಆಡಬಹುದೇ ಹೊರತು ತಮ್ಮ ಹೆಸರಿನಿಂದ ನಿಲ್ಲಲಾರರು. ಆದುದರಿಂದಲೇ, ಆ ದೊಡ್ಡ ಉತ್ಸವದ ಗದ್ದಲದಲ್ಲಿ, ಯಾವ ಬಾಗಿಲನ್ನೂ ತೆರೆಯದ ಈ ಹಳೆಯ ನೆರೆಹೊರೆಯ ಕೂಟವನ್ನು ಅಲ್ಲಿನವರು ಕೈಬಿಡಬಾರದೆಂದು ನನ್ನ ಪ್ರಾರ್ಥನೆ. ಜಾಂಜಿಬಾರ್ ತನ್ನದೇ ಹೆಸರಿನಿಂದ ಅಣ್ಣನ ಎದುರಿಗೆ ನಿಂತು, ತನ್ನ ಸರ್ವಶಕ್ತಿಯಿಂದ ಅವನನ್ನು ಸೋಲಿಸಲು ಯತ್ನಿಸುವುದಕ್ಕೆ ಅವಕಾಶವಿರುವುದು ಅಲ್ಲಿ.